ಮೂಗಿಲ್ಲದೆ ಮೀನು ಮಾರಿದ್ದು

ಅಣ್ಣನ ಮೊಮ್ಮಗಳು ಮೀನಿನ ಅಂಗಡಿ ಇಡುತ್ತಾಳಂತೆ. ಗಾಜಿನ ಪೆಟ್ಟಿಗೆ, ಐಸಿನ ಮಷೀನು, ಕರೆಂಟಿನ ತಕ್ಕಡಿ ಎಲ್ಲ ಬಂದಿವೆ. "ಅಜ್ಜೀ, ಅಷ್ಟು ವರ್ಷ ಮಾಡಿದೀಯ, ನಾನೇನು ಕಲೀಬೇಕು ಒಂಚೂರು ಬರೆದುಕೊಡು" ಎಂದು ಹಾಳೆ, ಪೆನ್ನು ಕೊಟ್ಟು ಹೋದಳು. ನಾನು ಓದಿದ್ದು ಮೂರನೆಯ ಕ್ಲಾಸು. ನನ್ನ ಬರವಣಿಗೆ ನಿಧಾನ. ಸುಳ್ಳು ಬರೆಯಲು ಹೋದರೆ ಇನ್ನೂ ನಿಧಾನವಾಗುತ್ತದೆ. ಅದಕ್ಕೇ ನಿಜವನ್ನೇ ಬರೆಯುತ್ತೇನೆ.

ಮೀನು ಕೊಳ್ಳುವಾಗ ಮೊದಲು ಕಣ್ಣು ನೋಡಬೇಕು. ಉಬ್ಬಿ ಹೊಳೆಯುತ್ತಿರಬೇಕು. ಕಿವಿರು ಎತ್ತಿ ನೋಡಬೇಕು, ಕೆಂಪಗಿರಬೇಕು. ಬೆರಳಲ್ಲಿ ಒತ್ತಿದರೆ ಗುಳಿ ಹಾಗೇ ಉಳಿಯಬಾರದು. ಕೊನೆಗೆ ಮೂಸಿ ನೋಡಬೇಕು. ಮೊದಲಿನವನ್ನು ಯಾರಿಗೆ ಬೇಕಾದರೂ ಕಲಿಸಬಲ್ಲೆ. ಕೊನೆಯದು ನನ್ನಿಂದಾಗದು. ನನಗೆ ವಾಸನೆ ಗೊತ್ತಾಗುವುದಿಲ್ಲ. ಶಿಡ್ಲಘಟ್ಟದಲ್ಲಿ ಮೀನು ಮಾರಿದಷ್ಟು ಕಾಲವೂ ಗೊತ್ತಾಗುತ್ತಿರಲಿಲ್ಲ. ಗಂಗಮ್ಮನ ಮೂಗು ಅಂದರೆ ಚಿಂತಾಮಣಿಯವರೆಗೆ ಹೆಸರಾಗಿತ್ತು. ಆ ಮೂಗು ಉಸಿರಾಡುವುದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಬರುತ್ತಿರಲಿಲ್ಲ.

ಐವತ್ತನೆಯ ಇಸವಿಯ ಆಚೀಚೆ ನನ್ನನ್ನು ಕೆಂಚಾರ್ಲಹಳ್ಳಿಗೆ ಮದುವೆ ಮಾಡಿಕೊಟ್ಟಿದ್ದರು. ಹೆಚ್ಚು ದಿನ ಕಳೆಯಲಿಲ್ಲ, ಗಂಡನಿಗೂ ನನಗೂ ಒಟ್ಟಿಗೆ ಜ್ವರ ಹಿಡಿಯಿತು. ಅವರು ಹೋದರು, ನಾನು ಉಳಿದೆ. ಎದ್ದು ಕೂತ ದಿನ ಯಾರೋ ತಲೆಗೆ ಹರಳೆಣ್ಣೆ ತಟ್ಟಿದರು, ವಾಸನೆ ಬರಲಿಲ್ಲ. ಸಾಂಬ್ರಾಣಿ ಹಾಕಿದರು, ಹೊಗೆಗೆ ಕಣ್ಣಲ್ಲಿ ನೀರು ಬಂತು, ವಾಸನೆ ಮಾತ್ರ ಬರಲಿಲ್ಲ. ಗಂಡ ಹೋದ ಮನೆಯಲ್ಲಿ ಕೂತು ನನ್ನ ಮೂಗು ಹೋಯಿತು ಎಂದು ಯಾರ ಹತ್ತಿರ ಹೇಳಿಕೊಳ್ಳಲಿ? ಹೇಳಿದ್ದರೆ ಇವಳಿಗೆ ಈಗ ಮೂಗಿನ ಚಿಂತೆಯೇ ಎಂದು ಉಗಿಯುತ್ತಿದ್ದರು. ಸುಮ್ಮನಿದ್ದೆ. ಆಮೇಲೆ ಸುಮ್ಮನಿರುವುದೇ ಅಭ್ಯಾಸವಾಯಿತು.

ಅಣ್ಣ ಮುನಿಶಾಮಿ ಬಂದು ಶಿಡ್ಲಘಟ್ಟಕ್ಕೆ ಕರೆದುಕೊಂಡು ಹೋದ. ಅಲ್ಲಿ ಅವನದು ಮುಂದೆ ಮೀನಿನ ಅಂಗಡಿ, ಹಿಂದೆ ನಾಲ್ಕು ಬೆಂಚು ಹಾಕಿದ ಹೋಟೆಲು. ಮುದ್ದೆ, ಅನ್ನ, ಮೀನಿನ ಸಾರು, ಹುರಿದ ಮೀನು. ಹಲಗೆಯಿಲ್ಲ, ಹೆಸರಿಲ್ಲ. ಅಣ್ಣನ ಮೂಗೇ ಅಂಗಡಿಯ ಹಲಗೆ. ಬಂಗಾರಪೇಟೆ ಕಡೆಯಿಂದ ಪುಟ್ಟ ರೈಲಿನಲ್ಲಿ ಸಮುದ್ರದ ಮೀನಿನ ಪೆಟ್ಟಿಗೆ ಬರುತ್ತಿತ್ತು, ಐಸಿನ ಮೇಲೆ ಭತ್ತದ ಹೊಟ್ಟು ಮುಚ್ಚಿ. ಆ ರೈಲು ಎಷ್ಟು ನಿಧಾನವೆಂದರೆ ಜನ ಇಳಿದು ಹುಣಸೆಹಣ್ಣು ಕಿತ್ತುಕೊಂಡು ಮತ್ತೆ ಹತ್ತುತ್ತಿದ್ದರು. ಐಸಿನ ಗತಿ ನೀವೇ ಯೋಚಿಸಿ. ಅಣ್ಣ ಮುಚ್ಚಳ ತೆಗೆಯದೆ ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದು, ಅಡಿಯಲ್ಲಿ ಎರಡು ಕೆಟ್ಟಿವೆ, ಮಿಕ್ಕವು ಪರವಾಗಿಲ್ಲ ಅನ್ನುತ್ತಿದ್ದ. ತೆಗೆದರೆ ಹಾಗೇ ಇರುತ್ತಿತ್ತು. ಬೀದಿಯ ತುದಿಯಲ್ಲಿ ನಿಂತು ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂದು ಹೇಳುತ್ತಿದ್ದ. ಮಳೆ ಬರುವುದನ್ನೂ ಹೇಳುತ್ತಿದ್ದ.

ಅತ್ತಿಗೆ ಕೆಟ್ಟವಳಲ್ಲ. ಆದರೂ ಲೆಕ್ಕದವಳು. "ಸುಮ್ನೆ ಕೂರಿಸ್ಕೊಂಡು ಎಷ್ಟು ದಿನ ಅಂತ ಉಣ್ಣಿಸ್ತೀರ? ಬಾಷಾ ಸಾಬ್ರ ಶೆಡ್ಡಿಗೆ ಕಳ್ಸಿ, ಹೆಣ್ಮಕ್ಳಿಗೆ ಅಲ್ಲಿ ಕೆಲಸ ಐತೆ" ಅಂದಳು. ಬಾಷಾ ಸಾಹೇಬರದು ರೇಷ್ಮೆ ನೂಲು ತೆಗೆಯುವ ಶೆಡ್ಡು. ಕುದಿಯುವ ನೀರಿನಲ್ಲಿ ಗೂಡು ಹಾಕಿ, ಅದರೊಳಗೆ ಕೈಯಿಟ್ಟು ಎಳೆ ಹುಡುಕಬೇಕು. ಅಲ್ಲಿಯ ಹೆಂಗಸರ ಬೆರಳುಗಳು ಬೆಂದು, ಬಿಳಿಚಿ, ಸೀಳಿರುತ್ತಿದ್ದವು. ನನಗೆ ಅಲ್ಲಿಗೆ ಹೋಗಲು ಭಯ.

ಅಣ್ಣ ಹೇಳಿದ: "ಮೀನು ನೋಡಕ್ಕೆ ಬಂದ್ರೆ ಅಂಗಡೀಲಿರ್ಲಿ. ಬರ್ದಿದ್ರೆ ಶೆಡ್ಡಿಗೆ ಹೋಗ್ಲಿ. ಬಾ ಗಂಗಾ, ಈ ಪೆಟ್ಗೆ ನೋಡು."

ಪೆಟ್ಟಿಗೆಯ ಸಂದಿಯಿಂದ, ಮೀನು ಕೊಳೆತಾಗ ಬರುವ ಕೆಂಪು ನೀರು ತೊಟ್ಟಿಕ್ಕುತ್ತಿತ್ತು. ಅಷ್ಟು ಸಾಕಾಯಿತು. ಮೂಗನ್ನು ಎರಡು ಸಲ ಸೊರ್ ಸೊರ್ ಎನ್ನಿಸಿ, "ಬೇಡಣ್ಣ, ವಾಪಸ್ ಕಳ್ಸು" ಅಂದೆ.

ಅಣ್ಣ ಮೂಸಿದ. ಕಣ್ಣು ಅಗಲಿಸಿದ. "ಲೇ ಇವ್ಳೇ, ನಂಗಿಂತ ಮುಂಚೆ ಹೇಳ್ಬಿಟ್ಲಲ್ಲೇ! ನಮ್ಮಪ್ಪನ ಮೂಗು ಇವ್ಳಿಗೇ ಬಂದೈತೆ" ಎಂದು ಅತ್ತಿಗೆಯನ್ನು ಕರೆದು ತೋರಿಸಿದ. ಅವತ್ತು ನಾನು ನಿಜ ಹೇಳಿದ್ದರೆ ಈ ಬರಹವೇ ಬೇಕಿರಲಿಲ್ಲ. ಶೆಡ್ಡಿನ ಬಿಸಿನೀರು ನೆನೆದು ನನ್ನ ಕೈ ನೋಡಿಕೊಂಡೆ.

ಆಮೇಲೆ ಪೇಟೆಯ ದೊಡ್ಡವರು ಮೀನಂಗಡಿಯ ನಾತ ತಡೆಯಲಾಗುವುದಿಲ್ಲ ಎಂದು ದೂರು ಕೊಟ್ಟರು. ನಮ್ಮನ್ನು ಅಲ್ಲಿಂದ ಎಬ್ಬಿಸಿ, ರೇಷ್ಮೆ ಶೆಡ್ಡುಗಳ ಸಾಲಿನಲ್ಲಿ ಜಾಗ ತೋರಿಸಿದರು. ಗೂಡಿನೊಳಗೆ ಬೆಂದ ಹುಳುಗಳನ್ನು ಅಲ್ಲಿ ರಾಶಿ ಹಾಕಿರುತ್ತಾರೆ. ಹೊಸಬರು ಆ ಬೀದಿಗೆ ಕಾಲಿಟ್ಟರೆ ಮೊದಲು ನಿಲ್ಲುತ್ತಾರೆ, ಆಮೇಲೆ ವಾಂತಿ ಮಾಡುತ್ತಾರೆ ಎಂದು ಕೇಳಿದ್ದೇನೆ. ನಾವು ಹೋದ ವಾರವೇ ಆ ಹುಳುವಿನ ರಾಶಿಯ ಮೇಲೆಯೇ ನಿಂತು ನೂಲು ತೆಗೆಸುವ ಒಬ್ಬ ರೀಲರು ಕೂಗಾಡಿದ: "ನಿಮ್ ಮೀನಿನ್ ವಾಸ್ನೇಲಿ ನಾವ್ ಬದ್ಕೋದೆಂಗೆ?" ಬಾಷಾ ಸಾಹೇಬರು ಅವನನ್ನು ಕೈಹಿಡಿದು ಕೆಳಗಿಳಿಸಿ, "ಇಳಿಯಪ್ಪ, ಮೊದ್ಲು ನೀನು ನಿಂತಿರೋದು ಯಾವ್ದ್ರ ಮೇಲೆ ನೋಡ್ಕೋ" ಅಂದರು.

ಆ ಬೀದಿಯಲ್ಲಿ ನನ್ನ ಹೆಸರು ಹುಚ್ಚಾಪಟ್ಟೆ ಬೆಳೆಯಿತು. ಎಲ್ಲರೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಓಡಾಡುವಾಗ ನಾನು ಬರಿಮುಖದಲ್ಲಿ ಕೂತು ಕೊರಮೀನಿನ ಲೋಳೆ ಹೋಗಲು ಬೂದಿ ಹಚ್ಚಿ ಉಜ್ಜುತ್ತಿದ್ದೆ. "ಇಷ್ಟು ನಾತ್ದಲ್ಲೂ ಮೀನಿನ ವಾಸ್ನೆ ಬೇರೆ ಮಾಡಿ ಹೇಳ್ತಾಳಂದ್ರೆ ಅದು ದೇವ್ರು ಕೊಟ್ಟಿದ್ದು" ಅಂದರು ಜನ. ಮೊದಲು ಯಾರೋ ತುಪ್ಪ ತಂದರು, ಕಲಬೆರಕೆಯೇ ನೋಡು ಎಂದು. ಅಂಗೈಗೆ ಹಾಕಿ ತಿಕ್ಕಿ, ಹೆಪ್ಪುಗಟ್ಟುವುದನ್ನು ನೋಡಿ ಹೇಳಿದೆ. ಆಮೇಲೆ ಜೇನು, ಹಾಲು, ಹಳೆಯ ಹುಣಸೆ.

ಒಂದು ದಿನ ಜಂಗಮಕೋಟೆಯ ಒಬ್ಬ ಹೆಂಗಸು ಗಂಡನನ್ನೇ ಎಳೆದುಕೊಂಡು ಬಂದಳು. "ಅಮ್ಮಾ, ಇವ್ನು ಕುಡಿದವ್ನಾ ಇಲ್ವಾ ಮೂಸಿ ಹೇಳು. ನಾನು ಕೇಳಿದ್ರೆ ಮಜ್ಜಿಗೆ ಅಂತಾನೆ."

ಆತ ನಮ್ಮ ಕಂಬ ಹಿಡಿದು ನಿಂತಿದ್ದ. ಕಂಬ ಬಿಟ್ಟರೆ ಬೀಳುತ್ತಿದ್ದ. ಕಣ್ಣಿನಲ್ಲಿ ಮಾತ್ರ ನನ್ನನ್ನು ಬೇಡುತ್ತಿದ್ದ. ನಾನು ಮೂಸಿ, "ಮಜ್ಜಿಗೇನೇ ಕಣಮ್ಮ" ಅಂದುಬಿಟ್ಟೆ. ಆಕೆ ಕೂಡಲೇ ಸೆರಗಿನಿಂದ ಗಂಡನ ಮುಖ ಒರೆಸಿ, "ಅಯ್ಯೋ, ಸುಮ್ನೆ ಬೈದೆನಲ್ಲಪ್ಪ" ಎಂದು ಅಳತೊಡಗಿದಳು. ಗಂಡನೂ ಅತ್ತ. ಇಬ್ಬರೂ ಹುರಿದ ಮೀನು ತಿಂದು ಹೋದರು. ಕಣ್ಣಿಗೆ ಕಾಣುವುದನ್ನು ಬಿಟ್ಟು ಇನ್ನೊಬ್ಬರ ಮೂಗನ್ನು ನಂಬುತ್ತಾರಲ್ಲ ಎಂದು ಆಗ ನನಗೆ ನಗು ಬಂದಿತ್ತು. ನನ್ನ ಅಣ್ಣನೇ ಹಾಗೆ ಮಾಡುತ್ತಾನೆಂದು ಗೊತ್ತಿರಲಿಲ್ಲ.

ಹೋಟೆಲಿನ ಬಗ್ಗೆ ಒಂದು ಮಾತು. ಮನೆಯಲ್ಲಿ ಮೀನು ಮುಟ್ಟದವರಿಗೆ ಒಂದು ಮೂಲೆಯಲ್ಲಿ ಗೋಣಿಯ ಪರದೆ ಕಟ್ಟಿದ್ದೆವು. ಅಲ್ಲಿಗೆ ಬರುವವರೆಲ್ಲ ಹಿಂಬಾಗಿಲಿಂದ ಬರುತ್ತಿದ್ದರು. ಒಮ್ಮೆ ಪರದೆಯ ಒಳಗೆ ಒಬ್ಬ ಮೇಷ್ಟ್ರು ಊಟ ಮಾಡುತ್ತಿರುವಾಗ ಅವರ ಮಗನೂ ಹಿಂಬಾಗಿಲಿಂದ ನುಗ್ಗಿದ. ತಂದೆ ಕೈಯಲ್ಲಿ ಮೀನಿನ ತಲೆ. ಮಗ ಎಲೆ ಹಿಡಿದು ನಿಂತಿದ್ದ. ಕೊನೆಗೆ ಮೇಷ್ಟ್ರು, "ನಿನ್ನ ಹುಡುಕಿಕೊಂಡೇ ಬಂದೆ ಕಣೋ" ಅಂದರು. ಮಗ, "ನಾನೂ ನಿಮ್ಮನ್ನೇ ಹುಡುಕ್ತಿದ್ದೆ ಅಪ್ಪಾ" ಅಂದ. ಆಮೇಲೆ ಬೆನ್ನಿಗೆ ಬೆನ್ನು ಹಾಕಿ ಕೂತು ಉಂಡರು. ಇಂಥವನ್ನು ನೋಡಿದರೆ ಬಾಯಿ ಮುಚ್ಚಿಕೊಂಡಿರಬೇಕು. ಅದು ಈ ಕಸುಬಿನ ಅರ್ಧ ಬಂಡವಾಳ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಆ ಕಾಲಕ್ಕೆ ಕೆರೆಗಳಿಗೆ ಹೊಸ ಜಾತಿಯ ಮರಿಗಳನ್ನು ಬಿಡಲು ಶುರುವಾಗಿತ್ತು. ಕಟ್ಲಾ, ಗೆಂಡೆ. ಬೇಗ ಬೆಳೆಯುತ್ತಿದ್ದವು. ಅಣ್ಣ ಊರಾಚೆಯ ಒಂದು ಸಣ್ಣ ಕೆರೆಯ ಮೀನನ್ನು ಹರಾಜಿನಲ್ಲಿ ಹಿಡಿದ. ಮೀನಿಗೆ ಮೇವು ಬೇಕಲ್ಲ? ನಮ್ಮ ಬೀದಿಯಲ್ಲಿ ಬೆಂದ ಹುಳು ರಾಶಿರಾಶಿ ಬಿದ್ದಿತ್ತು. ಬಾಷಾ ಸಾಹೇಬರು, "ತಗೊಂಡ್ಹೋಗು ಮುನಿಶಾಮಿ, ನಂಗೂ ಪುಣ್ಯ ಬರ್ತದೆ" ಅಂದರು. ಅಣ್ಣ ಗಾಡಿಗಟ್ಟಲೆ ಹೊಡೆಸಿ ಕೆರೆಗೆ ಸುರಿದ. ಮೀನು ಬೆಳೆದದ್ದು ಹೇಗೆ ಅನ್ನುತ್ತೀರಿ! ಹಂದಿಮರಿಗಳ ಹಾಗೆ. ಬಲೆ ಎಳೆಯುವವರು ಎರಡೆರಡು ಸಲ ಕೂತು ಸುಧಾರಿಸಿಕೊಂಡರು.

ಅದೇ ಸಮಯಕ್ಕೆ ಊರಿನ ಒಬ್ಬ ರೇಷ್ಮೆ ವ್ಯಾಪಾರಿಯ ಮಗಳ ಮದುವೆ ಗೌರಿಬಿದನೂರಿನ ಕಡೆಯವರೊಂದಿಗೆ ಆಯಿತು. ಮದುವೆಯ ಮೇಲೆ ಬೀಗರ ಊಟ ಹಾಕಬೇಕು. ಎಲ್ಲರೂ ಕುರಿ ಕಡಿಯುತ್ತಾರೆ, ನಾನು ಮೀನು ಹಾಕಿಸುತ್ತೇನೆ, ಹೆಸರು ನಿಲ್ಲಬೇಕು ಎಂದು ವ್ಯಾಪಾರಿ ನಮಗೆ ಒಪ್ಪಿಸಿದ. ಅಷ್ಟು ದೊಡ್ಡ ಕೆಲಸ ನಮಗೆ ಎಂದೂ ಸಿಕ್ಕಿರಲಿಲ್ಲ.

ಬೆಳಿಗ್ಗೆ ಮೀನು ಬಂತು. ಅಣ್ಣ ಬುಟ್ಟಿಯ ಹತ್ತಿರ ಬಗ್ಗಿದವನು ಹಾಗೇ ನಿಂತ.

"ಗಂಗಾ, ಇದ್ರಲ್ಲಿ ಏನೋ ಬರ್ತೈತಲ್ಲ. ಹುಳುವಿನ ನಾತ. ಮಾಂಸದೊಳಗೇ ಇಳಿದಂಗೈತೆ."

ನಾನು ಕಣ್ಣು ನೋಡಿದೆ, ಹೊಳೆಯುತ್ತಿತ್ತು. ಕಿವಿರು ದಾಸವಾಳದ ಹಾಗಿತ್ತು. ಒತ್ತಿದೆ, ಚೆಂಡಿನಂತೆ ಪುಟಿಯಿತು. ಇದಕ್ಕಿಂತ ಒಳ್ಳೆಯ ಮೀನನ್ನು ನಾನು ನೋಡಿರಲಿಲ್ಲ. ಹುಳು ತಿಂದ ಮೀನಿನ ಮಾಂಸಕ್ಕೇ ಆ ನಾತ ಹಿಡಿಯುತ್ತದೆ, ಅದು ಕಣ್ಣಿಗೂ ಬೆರಳಿಗೂ ಸಿಗುವುದಿಲ್ಲ ಎಂದು ನನಗೇನು ಗೊತ್ತು? ಆದರೆ ನನಗೆ ಗೊತ್ತಾಗುತ್ತಿಲ್ಲ, ನೀನೇ ನೋಡು ಎಂದು ಹೇಳಬಹುದಿತ್ತು. ಹಾಗೆ ಹೇಳಿದರೆ ಮುಂದಿನ ಮಾತು ಯಾಕೆ ಗೊತ್ತಾಗುತ್ತಿಲ್ಲ ಎಂದು ಬರುತ್ತದೆ. ಅತ್ತಿಗೆ ಅಲ್ಲೇ ನಿಂತಿದ್ದಳು. ಎದುರಿಗೆ ಶೆಡ್ಡಿನ ಬಾಗಿಲು.

"ಏನೂ ಇಲ್ಲ ಕಣಣ್ಣ. ಬೀದಿ ನಾತ ನಿನ್ ಮೂಗಿಗೆ ಹತ್ಕಂಡೈತೆ" ಅಂದೆ.

"ಇಲ್ಲ ಗಂಗಾ, ಸರಿಯಾಗಿ ನೋಡು."

"ನೋಡ್ದೆ. ನಿನ್ ಮೂಗೇ ಕೆಟ್ಟೈತೆ."

ಅಣ್ಣ ಬೆಪ್ಪಾಗಿ ಮೂಗನ್ನು ಮುಟ್ಟಿ ನೋಡಿಕೊಂಡ. ಮೀನು ಒಲೆಗೆ ಹೋಯಿತು.

ಊಟಕ್ಕೆ ಕೂತಾಗ ನಡೆದದ್ದನ್ನು ಈಗ ನೆನೆದರೂ ನಗಬೇಕೋ ಅಳಬೇಕೋ ತಿಳಿಯದು. ಹೆಣ್ಣಿನ ಕಡೆಯವರೆಲ್ಲ ನಮ್ಮ ಊರಿನವರು, ಹುಟ್ಟಿದಾಗಿನಿಂದ ಆ ನಾತದಲ್ಲೇ ಉಸಿರಾಡಿದವರು. ಅವರು ಚಪ್ಪರಿಸಿಕೊಂಡು ತಿಂದರು. "ಏನು ರುಚಿ, ಏನೋ ನಮ್ಮನೇದೇ ಅನ್ಸ್ತೈತೆ" ಅಂದ ಒಬ್ಬ ಮುದುಕ. ಎದುರು ಸಾಲಿನಲ್ಲಿ ಗಂಡಿನ ಕಡೆಯವರು ಮೊದಲ ತುತ್ತಿಗೇ ಮೂಗು ಮುಚ್ಚಿದರು.

"ಏನಯ್ಯಾ ಇದು, ಹೆಣ ಬೇಯಿಸಿ ಹಾಕಿದೀರಾ?" ಎಂದ ಗಂಡಿನ ಸೋದರಮಾವ.

"ಕೈತುಂಬ ಕೊಟ್ರೂ ಬೀಗರು ಕೊಂಕು ಬಿಡಲ್ಲ ನೋಡು" ಎಂದ ವ್ಯಾಪಾರಿ. "ನಾವು ತಿಂತಿಲ್ವಾ? ನಾವು ಮನುಷ್ಯರಲ್ವಾ?"

"ಅದನ್ನೇ ಕೇಳ್ತಿರೋದು!"

ಎದ್ದರು. ಎಲೆಗಳು ಕಾಲಡಿ ಬಿದ್ದವು. ಸಾರಿನ ಬಕೆಟ್ಟು ಹಿಡಿದವನು ಯಾವ ಕಡೆಗೂ ಬಡಿಸಲಾಗದೆ ನಡುವೆ ನಿಂತ. ಕೊನೆಗೆ ಯಾರೋ, "ಗಂಗಮ್ಮ ಇದಾಳಲ್ಲ, ಅವಳು ಹೇಳಲಿ" ಎಂದರು. ಎರಡೂ ಕಡೆಯವರು ಒಪ್ಪಿದರು. ಒಂದು ತಟ್ಟೆಯಲ್ಲಿ ತುಂಡು ಇಟ್ಟು ನನ್ನ ಮುಂದೆ ಹಿಡಿದರು. ಅಣ್ಣ ನನ್ನನ್ನೇ ನೋಡುತ್ತಿದ್ದ. ಒಂದು ಮಾತು ಹೇಳಿದ್ದರೆ ಅವನ ಮೂಗು ಅವನಿಗೆ ವಾಪಸು ಸಿಗುತ್ತಿತ್ತು.

"ಒಳ್ಳೇ ಮೀನು" ಅಂದೆ.

ಗಂಡಿನ ಕಡೆಯವರು ಅನ್ನ, ಉಪ್ಪಿನಕಾಯಿ ತಿಂದು ಬಸ್ಸು ಹತ್ತಿದರು. ಆ ಎರಡು ಮನೆಯವರು ಬಹಳ ದಿನ ಮಾತಾಡಲಿಲ್ಲ. ನಮ್ಮ ಊರಿನವರು ಮಾತ್ರ ಆ ಮೀನನ್ನು ಕೇಳಿಕೊಂಡು ಬಂದು ತಿಂದರು, ನಮಗೆ ನಷ್ಟವೇನೂ ಆಗಲಿಲ್ಲ. ಆದದ್ದು ಅಣ್ಣನಿಗೆ. ಅವನಿಗೆ ಮೀನು ನಾರಿತ್ತು. ತಂಗಿ ಇಲ್ಲವೆಂದಿದ್ದಳು, ಊರೆಲ್ಲ ಇಲ್ಲವೆಂದಿತ್ತು. ಹಾಗಾದರೆ ತನ್ನ ಮೂಗೇ ಕೆಟ್ಟಿದೆ ಎಂದು ತೀರ್ಮಾನಿಸಿದ.

ಮೂಗಿಗೆ ಔಷಧ ಶುರುವಾಯಿತು. ಒಬ್ಬ ನಾಟಿ ವೈದ್ಯ ಬೆಳ್ಳುಳ್ಳಿ ಎಣ್ಣೆ ಬಿಟ್ಟ. ಇನ್ನೊಬ್ಬ ಒಣಮೆಣಸಿನಕಾಯಿಯ ಹೊಗೆ ಹಾಕಿಸಿದ. ಅಣ್ಣ ಸೀನಿದ ಸೀನಿಗೆ ತಕ್ಕಡಿಯ ತಟ್ಟೆಗಳು ಅಲ್ಲಾಡುತ್ತಿದ್ದವು. ಚಿಂತಾಮಣಿಯಲ್ಲಿ ಯಾರೋ ಹೇಳಿದರೆಂದು ಮೂಗಿಗೆ ಎಮ್ಮೆಯ ತುಪ್ಪ ಬಿಟ್ಟುಕೊಂಡು ತಲೆಕೆಳಗು ಮಾಡಿ ಮಲಗುತ್ತಿದ್ದ. ನಾನೇ ತುಪ್ಪ ಬೆಚ್ಚಗೆ ಮಾಡಿಕೊಡುತ್ತಿದ್ದೆ.

ಪೆಟ್ಟಿಗೆ ಬಂದರೆ ಈಗ ನನ್ನನ್ನು ಕರೆದು, ತಾನು ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದ. ಮೂಸುವ ಆಸೆಯಾಗಬಾರದೆಂದು. ನಾನು ಕಣ್ಣು, ಕಿವಿರು ನೋಡಿ ಆರಿಸುತ್ತಿದ್ದೆ. ಅವನು ತೂಗುತ್ತಿದ್ದ, ಅಷ್ಟೇ. ಗಿರಾಕಿಗಳು, "ಮುನಿಶಾಮಣ್ಣ, ಮಳೆ ಬರ್ತೈತಾ ಹೇಳು" ಎಂದರೆ, "ಗಂಗಾನ ಕೇಳ್ರಪ್ಪ" ಅನ್ನುತ್ತಿದ್ದ. ಒಂದು ಸಲ ಅತ್ತಿಗೆ ಮಲ್ಲಿಗೆ ಮುಡಿದು ಬಂದಾಗ, ನನ್ನ ಹತ್ತಿರ ಬಂದು ಪಿಸುಗುಟ್ಟಿದ: "ಗಂಗಾ, ಅವ್ಳು ಮುಡ್ದಿರೋದು ಮಲ್ಗೇನೇ ತಾನೇ?" ಕಣ್ಣಿಗೆ ಕಾಣುತ್ತಿತ್ತು. ಆದರೂ ಕೇಳಿದ. ನಾನು ಹೌದು ಅಂದೆ. ಹಿತ್ತಲಿಗೆ ಹೋಗಿ ಅತ್ತೆ.

ಹೀಗೇ ವರ್ಷಗಳು ಕಳೆದು, ಅರವತ್ತರ ದಶಕ ಮುಗಿಯುತ್ತ ಬಂದಾಗ ಒಂದು ಸೋಮವಾರ. ಸೋಮವಾರ ನಮ್ಮ ಕಡೆ ಮೀನು ತಿನ್ನುವವರಿಲ್ಲ, ಅಂಗಡಿ ಮುಚ್ಚಿರುತ್ತದೆ. ಅತ್ತಿಗೆ ತವರಿಗೆ ಹೋಗಿದ್ದಳು. ಒಳಗೆ ಒಲೆಯ ಮೇಲೆ ಹುರುಳಿಕಾಳು ಬೇಯಲು ಇಟ್ಟು ಬಂದು, ಹೋಟೆಲಿನ ಬೆಂಚಿನಲ್ಲಿ ಅಣ್ಣನ ಎದುರು ಕೂತೆ. ಅವನು ಹೊಸ ಔಷಧದ ಬಾಟಲಿ ಹಿಡಿದಿದ್ದ. ಅದರ ಬಿರಡೆ ತೆಗೆಯುತ್ತಿದ್ದಂತೆ ನನಗೆ ತಡೆಯಲಾಗಲಿಲ್ಲ.

"ಅಣ್ಣಾ, ಅದು ಬೇಡ. ನಿನ್ ಮೂಗಿಗೆ ಏನೂ ಆಗಿಲ್ಲ. ನಂಗೇ ವಾಸ್ನೆ ಬರಲ್ಲ. ಅವ್ರು ಹೋದಾಗ ಬಂದ ಜ್ವರದಲ್ಲೇ ಹೋಯ್ತು."

ಅಣ್ಣ ನನ್ನನ್ನು ಕರುಣೆಯಿಂದ ನೋಡಿದ. "ನಂಗೆ ಸಮಾಧಾನ ಆಗ್ಲಿ ಅಂತ ಹೇಳ್ತೀಯ ಕಣಮ್ಮ ನೀನು. ಎಷ್ಟು ಒಳ್ಳೆ ಹೆಣ್ಣು ಅಂತ ನಂಗೊತ್ತಿಲ್ವಾ?"

"ಆಣೆ ಮಾಡಿ ಹೇಳ್ತೀನಿ."

"ಆಣೆಗೀಣೆ ಬೇಡ. ಊರೆಲ್ಲ ನಿನ್ ಮೂಗಿಂದ ಬದುಕ್ತೈತೆ."

ಎಲ್ಲ ಹೇಳಿದೆ. ಕೆಂಪು ನೀರಿನ ಪೆಟ್ಟಿಗೆ, ತುಪ್ಪ, ಮಜ್ಜಿಗೆ ಕುಡಿದ ಗಂಡ, ಬೀಗರ ಊಟ. ಅವನು ಪ್ರತಿಯೊಂದಕ್ಕೂ ತಲೆ ಅಲ್ಲಾಡಿಸಿ ನಗುತ್ತಿದ್ದ, ಮಗು ಕಥೆ ಹೇಳಿದರೆ ಕೇಳುವ ಹಾಗೆ. ನಾನು ಅತ್ತೆ, ಅವನು ಬೆನ್ನು ತಟ್ಟಿದ. ತಪ್ಪೊಪ್ಪಿಕೊಂಡದ್ದಕ್ಕೆ ಹೊಗಳಿಸಿಕೊಳ್ಳುವಂಥ ಹಿಂಸೆ ಇನ್ನೊಂದಿಲ್ಲ. ನಡುವೆ ನಡುವೆ ಅವನು ಒಳಬಾಗಿಲ ಕಡೆ ನೋಡುತ್ತಿದ್ದ, ಮತ್ತೆ ನನ್ನ ಮುಖ ನೋಡುತ್ತಿದ್ದ.

ಆಗ ಬೀದಿಯಿಂದ ಬಾಷಾ ಸಾಹೇಬರು ಕೂಗಿದರು: "ಅರೇ ಮುನಿಶಾಮಿ! ಒಳಗೆ ಏನಪ್ಪಾ ಸುಡ್ತಾ ಇದೀರ? ನಮ್ಮ ಹುಳು ರಾಶೀನೂ ಮೀರಿಸ್ತಲ್ಲ!"

ಒಳಗೆ ಓಡಿದೆ. ಹುರುಳಿ ಸೀದು ಕರಕಲಾಗಿ ಪಾತ್ರೆಯ ತಳಕ್ಕೆ ಕಚ್ಚಿತ್ತು. ಹಿಂದೆಯೇ ಬಂದ ಅಣ್ಣ ಪಾತ್ರೆಯನ್ನು ನೋಡಿದ. ಆಮೇಲೆ ನನ್ನನ್ನು.

"ನಂಗೆ ಆಗ್ಲೇ ಬಂತು" ಅಂದ ಮೆಲ್ಲಗೆ. "ನೀನು ಆ ಕುಡುಕನ ಕಥೆ ಹೇಳ್ತಿದ್ದೆ ನೋಡು, ಆಗ್ಲೇ. ನಿಜವಾಗ್ಲೂ ಸೀದಿದ್ರೆ ನೀನು ಎದ್ದೋಗ್ತಿದ್ದೆ, ನಂದೇ ಭ್ರಮೆ ಅಂದ್ಕಂಡೆ."

ನಾನು ಬಟ್ಟೆ ಹಿಡಿದು ಪಾತ್ರೆ ಇಳಿಸಿದೆ.

"ನಿಂಗೆ ಬರ್ಲಿಲ್ವಾ?"

"ಇಲ್ಲಣ್ಣ."

"ಈಗ್ಲೂ?"

"ಈಗ್ಲೂ."

ಅಣ್ಣನ ಮುಖ ಕೆಂಪಾಯಿತು. "ಹಂಗಾದ್ರೆ ಆವತ್ತಿನ ಮೀನು?"

"ನಾರ್ತಿತ್ತಂತಣ್ಣ."

"ಅಂತೆ ಏನು ಅಂತೆ! ನಾರ್ತಿತ್ತು! ನಾರ್ತಿತ್ತು ಕಣೇ!" ಪಾತ್ರೆಯನ್ನು ಬಟ್ಟೆಯಲ್ಲೇ ಎತ್ತಿಕೊಂಡು ಬೀದಿಗೆ ಓಡಿದ. "ಸಾಬ್ರೇ, ಆವತ್ತು ಮೀನು ನಾರ್ತಿತ್ತು! ಗೌರಿಬಿದನೂರೋರು ಹೇಳಿದ್ದೇ ನಿಜ!" ಬಾಷಾ ಸಾಹೇಬರು ಏನೂ ತಿಳಿಯದೆ, "ಇವತ್ತಿಗೆ ಗೊತ್ತಾಯ್ತಾ?" ಎಂದು ಕೇಳಿದರು. ಅಣ್ಣ ನಗುತ್ತಿದ್ದನೋ ಅಳುತ್ತಿದ್ದನೋ ನನಗೆ ಬಾಗಿಲಿನಿಂದ ಕಾಣಲಿಲ್ಲ.

ಶೆಡ್ಡಿಗೆ ಹೋಗು ಎಂದು ಅವನು ಅನ್ನಲಿಲ್ಲ. ಅಂದಿದ್ದರೆ ಹಗುರವಾಗುತ್ತಿತ್ತು. ನನ್ನ ಜೊತೆ ಮಾತು ಬಿಟ್ಟ, ಅಷ್ಟೇ. ಮಾತಾಡಿದರೂ ತಕ್ಕಡಿಗೆ ಹೇಳಿದಂತೆ ಹೇಳುತ್ತಿದ್ದ.

ಮರುದಿನ ಬೆಳಿಗ್ಗೆ ಮೀನು ಬಂದಾಗ ನನ್ನನ್ನು ಪಕ್ಕಕ್ಕೆ ಸರಿಸಿ, ಮಂಡಿಯೂರಿ ಕೂತು, ಬುಟ್ಟಿಯ ಒಂದೊಂದು ಮೀನನ್ನೂ ಎತ್ತಿ ಮೂಸಿದ. ಅಷ್ಟು ವರ್ಷ ಉಪವಾಸವಿದ್ದವನು ಉಣ್ಣುವ ಹಾಗೆ. ಅರ್ಧ ಬುಟ್ಟಿ ಆದಮೇಲೆ ಒಂದು ದೊಡ್ಡ ಗೆಂಡೆಯನ್ನು ನನ್ನ ಕಾಲ ಬಳಿ ಹಾಕಿ, "ಎಸಿ" ಅಂದ. ಎತ್ತಿಕೊಂಡೆ. ಕಣ್ಣು ಹೊಳೆಯುತ್ತಿತ್ತು. ಕಿವಿರು ಕೆಂಪಗಿತ್ತು. ಬೆರಳಿಟ್ಟರೆ ಗಟ್ಟಿಯಾಗಿತ್ತು. ತೆಗೆದುಕೊಂಡು ಹೋಗಿ ತಿಪ್ಪೆಗೆ ಹಾಕಿದೆ.

ಅಂದಿನಿಂದ ಅವನು ಇರುವವರೆಗೂ, ಅವನು ಬೇಡವೆಂದ ಮೀನನ್ನೆಲ್ಲ ಯಾಕೆಂದು ಕೇಳದೆ ಎಸೆದಿದ್ದೇನೆ. ಅವುಗಳಲ್ಲಿ ನಿಜವಾಗಿ ಕೆಟ್ಟವು ಎಷ್ಟು, ನನ್ನ ಮೇಲಿನ ಸಿಟ್ಟಿಗೆ ಎಸೆಸಿದವು ಎಷ್ಟು ಎಂದು ತಿಳಿಯುವ ದಾರಿ ನನಗಿರಲಿಲ್ಲ.